ಸೌದೆ ಗೂಡಿನಲ್ಲಿ ಅಡಗಿದ ಆಸ್ಥಾನ ವಿದ್ವಾನ್

ಮಗಳು ಓದಲು ಬ್ರಿಸ್ಬೇನಿಗೆ ಹೋದ ಮೇಲೆ ಅವಳ ಕೋಣೆಯನ್ನು ಒಪ್ಪ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮನೆ ಇರುವುದು ಪರ್ತಿನಲ್ಲಿ; ಅವಳು ಆರಿಸಿಕೊಂಡದ್ದು ದೇಶದ ಆಚೆ ತುದಿಯ ವಿಶ್ವವಿದ್ಯಾಲಯವನ್ನು. ಕಪಾಟಿನ ಮೇಲುಗಡೆ, ಹಳೆಯ ಟೆನಿಸ್ ರ‍್ಯಾಕೆಟ್ಟಿನ ಹಿಂದೆ, ಶಾಲೆಯ ಬ್ಯಾಂಡಿಗೆಂದು ಕೊಡಿಸಿದ್ದ ಫ್ಲೂಟ್ ಸಿಕ್ಕಿತು. ಇದನ್ನೇನು ಮಾಡಲಿ ಎಂದು ಫೋನ್ ಮಾಡಿ ಕೇಳಿದೆ.

"ಸೆಲ್ ಇಟ್, ಅಪ್ಪಾ. ಐ ವಾಸ್ ಟೆರಿಬಲ್ ಎನಿವೇ," ಅಂದಳು. ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ರೂಢಿ.

"ಹಂಗೇ ಮಾರಕ್ಕೆ ಹೋದ್ರೆ ಯಾರ್ ತಗೋತಾರೆ? ಒಂದ್ಸಲ ರಿಪೇರಿಯೋರಿಗೆ ತೋರಿಸ್ರೀ," ಎಂದು ನನ್ನ ಹೆಂಡತಿ ಸೂಚಿಸಿದಳು. ಹಾಗಾಗಿ ಒಂದು ಶನಿವಾರ ಫ್ಲೂಟಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಫ್ರೀಮ್ಯಾಂಟಲ್ ರೈಲು ಹತ್ತಿದೆ.

ನಾನು ಗಣಿ ಕಂಪನಿಗಳಿಗೆ ಕನ್ವೇಯರ್ ಬೆಲ್ಟುಗಳ ನಿರ್ವಹಣೆ ನೋಡಿಕೊಳ್ಳುವ ಎಂಜಿನಿಯರು. ಐವತ್ತು ದಾಟಿದೆ. ಹುಡುಗನಾಗಿದ್ದಾಗ ಮೈಸೂರಿನಲ್ಲಿ ಒಬ್ಬ ಮೇಷ್ಟ್ರ ಹತ್ತಿರ ಕೊಳಲು ಕಲಿತಿದ್ದೆ. ಸರಳೆ, ಜಂಟಿ, ಅಲಂಕಾರ ಮುಗಿದು, ಗೀತೆಗಳಾಗಿ, ಎರಡು ವರ್ಣ ಕೈಗೆ ಹತ್ತುವ ಹೊತ್ತಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಆಮೇಲೆ ಕೊಳಲು ಹಿಡಿದವನಲ್ಲ. ಅದಕ್ಕಾಗಿ ಕೊರಗಿದವನೂ ಅಲ್ಲ.

ರಿಪೇರಿ ಅಂಗಡಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿತ್ತು. ಬಾಗಿಲಲ್ಲಿ ನಿಂತರೆ ಬಂದರಿನ ಕ್ರೇನುಗಳ ತಲೆ ಕಾಣುತ್ತಿತ್ತು. ಅಂಗಡಿ ನಡೆಸುವವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಚಿಕ್ಕವರಿದ್ದಾಗ ಜರ್ಮನಿಯಿಂದ ತಂದೆತಾಯಿಯ ಜೊತೆ ಹಡಗಿನಲ್ಲಿ ಬಂದು ಇದೇ ಬಂದರಿನಲ್ಲಿ ಇಳಿದವರಂತೆ. ವಾರವಿಡೀ ರಿಪೇರಿ ಕೆಲಸ, ಶನಿವಾರ ಪಾಠ. ಅವರು ಫ್ಲೂಟನ್ನು ಜೋಡಿಸಿ, ಕೀಲಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಎಲ್ಲಿ ಗಾಳಿ ಸೋರುತ್ತದೋ ಕೇಳಬೇಕು, ಸ್ವಲ್ಪ ಊದು ಎಂದು ನನ್ನ ಕೈಗೇ ಕೊಟ್ಟರು. ಊದಿದೆ. ಮೋಹನ ರಾಗದ ಆರೋಹಣ ತಾನಾಗಿ ಬಂತು. ಆದರೆ ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸಲು ಹೋದರೆ ಲೋಹದ ಮುಚ್ಚಳಗಳು ಟಪ್ ಟಪ್ ಎಂದು ಬಡಿದುಕೊಂಡವು.

ಅವರು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಒಳಗೆ ಹೋಗಿ ಕಪ್ಪು ಮರದ ಒಂದು ಕೊಳಲು ತಂದರು. ಆರು ತೂತು, ತುದಿಯಲ್ಲಿ ಹಿತ್ತಾಳೆಯ ಒಂದೇ ಒಂದು ಕೀಲಿ. ಇದನ್ನು ಊದು ಅಂದರು. ಈ ಸಲ ಬೆರಳಿನ ಕೆಳಗೆ ಬರೀ ಮರ, ಬರೀ ತೂತು. ಬೆರಳು ಜಾರಿತು, ಗಮಕ ಬಂತು, ನನಗೇ ನಗು ಬಂತು. ಇದನ್ನು ಎಲ್ಲಿ ಕಲಿತೆ ಎಂದು ಅವರು ಕೇಳಿದರು. ಹೇಳಿದೆ. ಇನ್ನೂರೈವತ್ತು ಮುನ್ನೂರು ವರ್ಷದ ಹಿಂದೆ ತಮ್ಮ ದೇಶದ ಕೊಳಲಿನವರೂ ತೂತಿನ ಅಂಚಿನಲ್ಲಿ ಬೆರಳಾಡಿಸಿ ಸ್ವರವನ್ನು ಅಲುಗಿಸುತ್ತಿದ್ದರು, ಆಮೇಲೆ ಎಲ್ಲರೂ ಅದನ್ನು ಮರೆತರು ಎಂದರು. ಮುಂದಿನ ಶನಿವಾರ ಬಾ ಎಂದೂ ಅಂದರು. ಮಗಳ ಫ್ಲೂಟನ್ನು ಅವರೇ ಒಂದು ಶಾಲೆಯ ಮಗುವಿಗೆ ಮಾರಿಕೊಟ್ಟರು. ನಾನು ಮರದ ಕೊಳಲಿನ ವಿದ್ಯಾರ್ಥಿಯಾದೆ.

ಪಾಠದ ಕೊನೆಗೆ ಕೊಳಲನ್ನು ಬಿಚ್ಚಿ ಒಳಗಿನ ತೇವ ಒರೆಸಬೇಕು. ಆ ಒರೆಸುವ ಹೊತ್ತಿನಲ್ಲಿ ಟೀಚರ್ ಕಥೆ ಹೇಳುತ್ತಿದ್ದರು. ಯಾವಾಗಲೂ ಒಬ್ಬನದೇ ಕಥೆ. ಹದಿನೆಂಟನೆಯ ಶತಮಾನದ ಒಬ್ಬ ಜರ್ಮನ್ ಆಸ್ಥಾನ ಕೊಳಲುವಾದಕ. ನಾನು ನುಡಿಸುತ್ತಿದ್ದ ಪಾಠಗಳೆಲ್ಲ ಅವನ ರಚನೆಗಳೇ. ಅವನ ಬಗ್ಗೆ ಟೀಚರ್ ಮಾತಾಡುತ್ತಿದ್ದ ರೀತಿ ನೋಡಿದರೆ ಅವನು ಮೊನ್ನೆ ಮೊನ್ನೆವರೆಗೆ ಪಕ್ಕದ ಬೀದಿಯಲ್ಲಿದ್ದು ಮನೆ ಖಾಲಿ ಮಾಡಿಕೊಂಡು ಹೋದವನು ಅನ್ನಬೇಕು. ನಾನು ಮನೆಗೆ ಬಂದು ಊಟದ ಹೊತ್ತಿಗೆ ಹೆಂಡತಿಗೆ ವರದಿ ಒಪ್ಪಿಸುತ್ತಿದ್ದೆ. "ಏನಂತೆ ಇವತ್ತು ನಿಮ್ಮ ವಿದ್ವಾಂಸರ ಸಮಾಚಾರ?" ಎಂದು ಅವಳೇ ಶುರು ಮಾಡುತ್ತಿದ್ದಳು.

ಆ ವರ್ಷದ ಕೊನೆಯ ರಜೆಗೆ ನಾವಿಬ್ಬರೂ ಅಡಿಲೇಡಿಗೆ ಹೋದೆವು. ನನ್ನ ಹೆಂಡತಿಯ ಸೋದರಮಾವ ಅಲ್ಲಿ ಬ್ಲೇರ್ ಅಥಾಲ್ ಬಡಾವಣೆಯಲ್ಲಿ ತಮ್ಮ ಮಗಳ ಮನೆಯಲ್ಲಿದ್ದಾರೆ. ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಆದರೆ ಮೈಸೂರಿನಲ್ಲಿ ಅವರನ್ನು ಬಲ್ಲವರಿಗೆ ಇಲಾಖೆ ನೆನಪಿಗೆ ಬರುವುದಿಲ್ಲ, ಹರಿಕಥೆ ನೆನಪಿಗೆ ಬರುತ್ತದೆ. ರಾಮನವಮಿ ಪೆಂಡಾಲುಗಳಲ್ಲಿ, ರಜೆ ಹಾಕಿ, ಕಚ್ಚೆ ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಚಿಟಿಕೆ ಹಿಡಿದು ನಿಂತರೆಂದರೆ ಕೂತವರು ಏಳುತ್ತಿರಲಿಲ್ಲವಂತೆ. ಆಸ್ಟ್ರೇಲಿಯಾಕ್ಕೆ ಬಂದ ಮೇಲೂ ಅಲ್ಲಿನ ಕನ್ನಡ ಸಂಘದವರು ಕೇಳುತ್ತಲೇ ಇದ್ದರು. ಮಾವ ಒಪ್ಪುತ್ತಿರಲಿಲ್ಲ. ಅವರು ಜೀವಮಾನವಿಡೀ ಹಾಡಿದ್ದು, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ, ಎರಡು ಮನೆ ಶ್ರುತಿಯಲ್ಲಿ. ಈಗ ಮೇಲಿನ ಷಡ್ಜಕ್ಕೆ ಧ್ವನಿ ಏರುವುದಿಲ್ಲ. ಶ್ರುತಿ ಇಳಿಸಿ ಹಾಡಿದರೆ ಮುದುಕನಿಗೆ ಶಾರೀರ ಹೋಯಿತು ಎಂದು ಜನ ಆಡಿಕೊಳ್ಳುತ್ತಾರೆ ಎಂಬ ಅಳುಕು.

ಅಲ್ಲಿ ಹೋದ ಮಾರನೆಯ ಬೆಳಿಗ್ಗೆ ಹಿತ್ತಿಲ ನೆರಳಿನಲ್ಲಿ ಕೂತು ಟೀಚರ್ ಕೊಟ್ಟಿದ್ದ ಪಾಠ ನುಡಿಸುತ್ತಿದ್ದೆ. ಮಾವ ಕಾಫಿ ಲೋಟ ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ಕೂತರು.

"ಅಳಿಯಂದ್ರೇ, ಯಾರ ಕೃತಿ ಇದು?"

"ಜರ್ಮನಿಯೋರದ್ದು ಮಾವ. ಹಳೇ ಕಾಲದೋರು. ಒಬ್ಬ ರಾಜರ ಆಸ್ಥಾನದಲ್ಲಿ ಕೊಳಲು ನುಡಿಸ್ತಿದ್ರು. ಆ ರಾಜರಿಗೆ ಮೇಷ್ಟ್ರೂ ಅವರೇ."

"ಆಸ್ಥಾನ ವಿದ್ವಾನ್ ಅನ್ನಿ. ನಮ್ಮ ಮೈಸೂರಿನ ಥರ."

"ಹೂಂ, ಆ ಥರಾನೇ."

"ಹುಟ್ಟಿಂದ ಹೇಳಿ ಮತ್ತೆ. ಅರ್ಧಂಬರ್ಧ ಹೇಳಬೇಡಿ."

ಹೇಳಿದೆ. ಹಳ್ಳಿಯೊಂದರ ಕಮ್ಮಾರನ ಮಗ. ತಾಯಿ ಬಹಳ ಬೇಗ ಹೋದಳು. ಹಬ್ಬ ಮದುವೆಗಳಲ್ಲಿ ಅಣ್ಣನ ಜೊತೆ ನಿಂತು ದೊಡ್ಡ ಪಿಟೀಲು ಬಾರಿಸುತ್ತಿದ್ದ. ಕುಲುಮೆಯ ಕೆಲಸವನ್ನೇ ಮುಂದುವರಿಸು ಎಂದು ಅಪ್ಪನ ಆಸೆ, ಅವನೂ ಸತ್ತ. ಪಕ್ಕದ ಊರಿನಲ್ಲಿ ವಾದ್ಯದವನಾಗಿದ್ದ ಚಿಕ್ಕಪ್ಪ ಹುಡುಗನನ್ನು ಕರೆದುಕೊಂಡು ಹೋದ. ಅಲ್ಲಿ ಪಿಟೀಲು, ತುತ್ತೂರಿ, ಓಲಗದಂಥ ಓಬೋ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕಲಿತ. ಬೆಳೆದ ಮೇಲೆ ದೊಡ್ಡ ಆಸ್ಥಾನವೊಂದಕ್ಕೆ ಓಬೋ ನುಡಿಸಲು ಸೇರಿದ. ಆದರೆ ಅವನಿಗಿಂತ ಹಿರಿಯರು ಮೇಲಿನ ಜಾಗಗಳಲ್ಲಿ ಗಟ್ಟಿಯಾಗಿ ಕೂತಿದ್ದರು. ಇಲ್ಲಿ ಕಾದರೆ ತಲೆ ನರೆಯುವುದೇ ಸರಿ ಎಂದುಕೊಂಡು ಕೊಳಲಿಗೆ ಹೊರಳಿದ.

ಮಾವ ಇಲ್ಲಿ ಗಟ್ಟಿಯಾಗಿ ನಕ್ಕರು. "ಇಲಾಖೆಯಲ್ಲಿ ನಾನೂ ಇದೇ ಮಾಡಿದ್ದು. ಎಕ್ಸ್‌ಚೇಂಜಲ್ಲಿ ಪ್ರಮೋಷನ್ ಸಿಗಲ್ಲ ಅಂತ ಅಕೌಂಟ್ಸಿಗೆ ಹೋದೆ. ಹೂಂ, ಆಮೇಲೆ?"

ಆಮೇಲೆ ಇಟಲಿ, ಫ್ರಾನ್ಸ್, ಇಂಗ್ಲೆಂಡ್ ಸುತ್ತಿದ. ಲಂಡನ್ನಿನವರು ಇಲ್ಲೇ ಇರು ಎಂದರೂ ಅನ್ನ ಕೊಟ್ಟ ದೊರೆಗೆ ಮಾತು ಕೊಟ್ಟಿದ್ದೇನೆಂದು ಹಿಂತಿರುಗಿದ. ಆಗ ಪಕ್ಕದ ರಾಜ್ಯದ ರಾಜಕುಮಾರನೊಬ್ಬ ಅವನ ಕೊಳಲು ಕೇಳಿ ಮರುಳಾಗಿ, ಇವನಿಂದಲೇ ಕಲಿಯಬೇಕೆಂದು ಹಟ ಹಿಡಿದ. ರಾಜಕುಮಾರನ ಅಪ್ಪನಿಗೋ ಸಂಗೀತವೆಂದರೆ ಆಗದು. ಅವನಿಗೆ ಬೇಕಾದದ್ದು ಸೈನಿಕ ಮಗ. ಹಾಗಾಗಿ ಪಾಠವೆಲ್ಲ ಕದ್ದುಮುಚ್ಚಿ. ಒಂದು ದಿನ ಮಗ ಬಿಗಿಯಾದ ಸೈನ್ಯದ ಉಡುಪು ಕಳಚಿ, ಜರತಾರಿ ನಿಲುವಂಗಿ ತೊಟ್ಟು, ಮೇಷ್ಟ್ರ ಜೊತೆ ಕೊಳಲು ನುಡಿಸುತ್ತಿದ್ದಾನೆ. ಸ್ನೇಹಿತ ಓಡಿಬಂದು ಮಹಾರಾಜರು ಬರುತ್ತಿದ್ದಾರೆ ಎಂದ. ಕೊಳಲುಗಳನ್ನೂ ಹಾಳೆಗಳನ್ನೂ ಬಾಚಿಕೊಂಡು, ಮೇಷ್ಟ್ರ ಕೈ ಹಿಡಿದೆಳೆದು, ಒಲೆಗೆ ಸೌದೆ ಇಡುವ ಸಣ್ಣ ಗೂಡಿನೊಳಗೆ ಇಬ್ಬರೂ ತೂರಿಕೊಂಡರು. ಮೇಷ್ಟ್ರು ತೊಟ್ಟಿದ್ದು ಕೆಂಪು ಕೋಟು. ಮಹಾರಾಜನಿಗೆ ಕೆಂಪು ಬಣ್ಣವೂ ಆಗದು.

ಮಾವ ಲೋಟವನ್ನು ಕೆಳಗಿಟ್ಟರು. "ಸಿಕ್ಕಿಬಿದ್ರೋ?"

"ಇಲ್ಲ. ರಾಜ ಕೋಣೆಯೆಲ್ಲ ಹುಡುಕಿ, ನಿಲುವಂಗಿಗಳನ್ನ ಎಳೆದು ಬೆಂಕಿಗೆ ಹಾಕಿಸ್ದ. ಪುಸ್ತಕಗಳನ್ನ ಹೊರಗೆ ಸಾಗಿಸ್ದ. ಸೌದೆ ಗೂಡು ಮಾತ್ರ ತೆಗೀಲಿಲ್ಲ. ಮುಂದೆ ಮಗ ಪಟ್ಟಕ್ಕೆ ಬಂದಾಗ ಮೊದಲು ಕರೆಸಿಕೊಂಡೋರಲ್ಲಿ ಇವರೂ ಒಬ್ಬರು. ಸಾಯೋವರೆಗೂ ಅಲ್ಲೇ ಇದ್ರು. ರಾಜ ನುಡಿಸುವಾಗ ಬ್ರಾವೊ ಅನ್ನೋ ಅಧಿಕಾರ ಇವರೊಬ್ಬರಿಗೇ ಇತ್ತಂತೆ."

ಬೇಲಿಯ ಆಚೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಮಾವ ಒಳಗಿದ್ದ ನನ್ನ ಹೆಂಡತಿಗೆ ಕೇಳುವಂತೆ ಹೇಳಿದರು: "ನೋಡಮ್ಮಾ, ಇದು ಹಿರಣ್ಯಕಶಿಪು ಪ್ರಹ್ಲಾದನ ಕಥೆ ಅಲ್ವಾ? ಹರಿನಾಮ ಅನ್ನೋ ಕಡೆ ಕೊಳಲು ಅಂತ ಹಾಕು. ಇದನ್ನ ಹರಿಕಥೆ ಮಾಡ್ಬೋದು."

"ಮಾಡಿ ಮಾಮ. ಯಾರ್ ಬೇಡ ಅಂದ್ರು?" ಎಂದು ಅವಳು ಒಳಗಿಂದಲೇ ಅಂದಳು.

"ನಾನಾ? ನಂಗೆಲ್ಲಿ ಆಗತ್ತೆ," ಅಂದರು. ಆದರೆ ನನ್ನ ಕಡೆ ತಿರುಗಿ, "ಆ ಕೊಳಲು ಯಾವ ಶ್ರುತಿ?" ಎಂದು ಕೇಳಿದರು.

ಟೀಚರ್ ಕೊಟ್ಟಿದ್ದ ಕೊಳಲು ಹಳೆಯ ಆಸ್ಥಾನದ ಅಳತೆಯದು. ಆ ಕಾಲದಲ್ಲಿ ಶ್ರುತಿಯೇ ತಗ್ಗು. ನಮ್ಮ ವಿದ್ವಾಂಸರಂತೂ ತಗ್ಗಿನ, ತುಂಬಿದ ನಾದವನ್ನೇ ಬಯಸುತ್ತಿದ್ದವರು. ತೂತುಗಳನ್ನೆಲ್ಲ ಮುಚ್ಚಿ ಊದಿದೆ. ಮಾವ ಫೋನಿನಲ್ಲಿ ತಂಬೂರಿ ಹಾಕಿ ಹೊಂದಿಸಿ ನೋಡಿದರು. ಒಂದು ಮನೆಗೆ, ಅವರ ಎರಡು ಮನೆಗಿಂತ ಒಂದು ಮೆಟ್ಟಿಲು ಕೆಳಗೆ, ಸರಿಯಾಗಿ ಕೂತಿತು.

"ಕೊಳಲಿರೋದೇ ಒಂದು ಮನೆ," ಎಂದು ಮಾವ ನಿಧಾನವಾಗಿ ಹೇಳಿದರು. "ಮರದ್ದು, ಎಳೆದು ಉದ್ದ ಮಾಡಕ್ಕಾಗಲ್ಲ, ಕತ್ತರಿಸಕ್ಕಾಗಲ್ಲ. ಹಾಡೋನು ಅದಕ್ಕೆ ಹೊಂದಿಕೋಬೇಕು. ಅಲ್ವಾ?"

"ಬೇರೆ ದಾರೀನೇ ಇಲ್ಲ ಮಾವ," ಅಂದೆ.

ಆ ಸಂಜೆಯೇ ಅವರು ಸಂಘದವರಿಗೆ ಫೋನ್ ಮಾಡಿ ರಾಮನವಮಿಗೆ ಹರಿಕಥೆ ಇಟ್ಟುಕೊಳ್ಳಿ ಅಂದರು. ಶ್ರುತಿ ಸ್ವಲ್ಪ ಇಳಿಸಬೇಕಾಗುತ್ತದೆ, ಪಕ್ಕವಾದ್ಯದ ಕೊಳಲು ಹಾಗಿದೆ, ನಾನೇನು ಮಾಡಲಿ ಎಂದು ಕೇಳದಿದ್ದರೂ ವಿವರಿಸಿದರು.

ನಾವು ಪರ್ತಿಗೆ ಮರಳಿದ ಮೇಲೆ ತಾಲೀಮು ವಿಡಿಯೋ ಕಾಲಿನಲ್ಲಿ ನಡೆಯಿತು. ಮಾವ ಹಾಡುವುದು, ನಾನು ನಡುನಡುವೆ ನುಡಿಸುವುದು, ನನ್ನ ಹೆಂಡತಿ ಸಮಯ ನೋಡಿಕೊಂಡು "ಪೀಠಿಕೆ ಉದ್ದ ಆಯ್ತು ಮಾಮ" ಅನ್ನುವುದು. ಮೂರನೆಯ ತಾಲೀಮಿಗೆ ಟೀಚರನ್ನೂ ಮನೆಗೆ ಕರೆದೆವು. ಅವರಿಗೆ ಕನ್ನಡ ಬಾರದು. ಹೆಂಡತಿ ಪಕ್ಕದಲ್ಲಿ ಕೂತು ಅನುವಾದ ಮಾಡುತ್ತಿದ್ದಳು. ಟೀಚರ್ ಕಮ್ಮಾರನ ಕುಲುಮೆಗೆ ತಲೆದೂಗಿದರು. ಇಟಲಿಯ ಪ್ರಯಾಣಕ್ಕೆ ಮುಗುಳ್ನಕ್ಕರು. ಸೌದೆ ಗೂಡಿನಲ್ಲಿ ಕೂತ ವಿದ್ವಾಂಸರು ಕೈ ಮುಗಿದು ವೇಣುಗೋಪಾಲಾ ಕಾಪಾಡು ಎಂದು ಮೊರೆಯಿಟ್ಟಾಗ ಮಾತ್ರ ಕೈಯೆತ್ತಿ ನಿಲ್ಲಿಸಿದರು.

ಅವನು ಕ್ರೈಸ್ತ, ಅವನು ಹಾಗೆ ಪ್ರಾರ್ಥಿಸಿರಲಾರ ಎಂದು ಟೀಚರ್ ಹೇಳಿದರು. ಮೆತ್ತಗೇ ಹೇಳಿದರು, ಆದರೆ ಬಿಡುವ ಹಾಗೆ ಕಾಣಲಿಲ್ಲ.

"ಕಥೆ ಅಂದ್ಮೇಲೆ ಸ್ವಲ್ಪ ಸೇರಿಸ್ಬೇಕಮ್ಮಾ," ಎಂದು ಮಾವ ತಮ್ಮ ಇಂಗ್ಲಿಷಿನಲ್ಲಿ ವಾದಿಸಿದರು. ದೇವರಿಲ್ಲದೆ ಹರಿಕಥೆ ಹೇಗೆ ಎಂಬುದು ಅವರ ಪ್ರಶ್ನೆ. ಸತ್ತವನ ಬಾಯಿಗೆ ಅವನಾಡದ ಮಾತು ಹಾಕುವುದು ಹೇಗೆ ಎಂಬುದು ಟೀಚರ ಪ್ರಶ್ನೆ. ನಾನು ಕೊಳಲು ಒರೆಸುತ್ತಾ ಕೂತೆ. ಕೊನೆಗೆ ದಾರಿ ತೋರಿಸಿದವಳು ನನ್ನ ಹೆಂಡತಿ.

"ಮಾಮ, ಅವರು ಅವರ ದೇವರನ್ನ ನೆನೆಸಿಕೊಳ್ಲಿ. ನೀವು ಕಥೆ ಅಲ್ಲಿಗೆ ನಿಲ್ಸಿ, ನಾವು ನಮ್ಮ ವೇಣುಗೋಪಾಲನ್ನ ನೆನೆಯೋಣ ಅಂತ ಜನಕ್ಕೆ ಹೇಳಿ ಹಾಡಿ. ಹಾಡೂ ಉಳಿಯತ್ತೆ, ಕಥೆಯೂ ಕೆಡಲ್ಲ."

ಟೀಚರ್ ಅನುವಾದ ಕೇಳಿ ಒಪ್ಪಿದರು. ಮಾವ ಒಂದು ನಿಮಿಷ ಗಡ್ಡ ತುರಿಸಿಕೊಂಡು, "ಇದೇ ಚೆನ್ನಾಗಿದೆ," ಅಂದರು. ಅಷ್ಟರಲ್ಲಿ ಟೀಚರ್ ಫ್ರಿಜ್ಜಿನ ಮೇಲೆ ತೂಗಿದ್ದ ಕ್ಯಾಲೆಂಡರ್ ನೋಡಿ, ಆ ವಾರ ಅಂಗಡಿ ಮುಚ್ಚಿ ತಾವೂ ಅಡಿಲೇಡಿಗೆ ಬರುವುದಾಗಿ ಹೇಳಿದರು. ಇಷ್ಟು ವರ್ಷ ಈ ಮನುಷ್ಯನ ಕಥೆಯನ್ನು ಪಾಠಕ್ಕೆ ಬಂದವರಿಗೆಲ್ಲ ಹೇಳಿದ್ದೇನೆ, ಬೇರೆಯವರು ಹೇಳುವುದನ್ನು ಒಮ್ಮೆ ಕೂತು ಕೇಳಬೇಕು ಎಂದರು.

ಕಾರ್ಯಕ್ರಮ ಬ್ಲೇರ್ ಅಥಾಲಿಗೆ ಹತ್ತಿರದ ಒಂದು ಸಮುದಾಯ ಭವನದಲ್ಲಿತ್ತು. ಅಡಿಲೇಡಿನಲ್ಲಿ ಆ ವಾರ ಒಣ ಬಿಸಿಲು ಒಂದೇ ಸಮನೆ ಕಾಯುತ್ತಿತ್ತು. ಟೀಚರ್ ತಮ್ಮ ಸ್ವಂತದ ಕೊಳಲನ್ನು ನನಗೆ ನುಡಿಸಲು ತಂದಿದ್ದರು. ಆ ವಿದ್ವಾಂಸರೇ ಯೋಚಿಸಿ ಮಾಡಿದ ಮಾದರಿ, ಶ್ರುತಿ ಅದೇ, ಕೀಲಿ ಒಂದಲ್ಲ, ಎರಡು. ಭವನಕ್ಕೆ ಬಂದು ಪೆಟ್ಟಿಗೆ ತೆಗೆದು ಜೋಡಿಸಿದರೆ ತುಂಡುಗಳು ಲಟಲಟ ಅಲುಗಾಡಿದವು. ಒಣಗಾಳಿಗೆ ಮರ ಬಿಗುವು ಕಳೆದುಕೊಂಡಿತ್ತು. ಒಂದು ತುಂಡು ಜಾರಿ ನನ್ನ ಮಡಿಲಿಗೇ ಬಿತ್ತು. ಹೊರಗೆ ಪಾನಕ ಹಂಚುತ್ತಿದ್ದರು, ಒಳಗೆ ಜನ ಕೂರುತ್ತಿದ್ದರು.

ಟೀಚರ್ ಗಾಬರಿಯಾಗಲಿಲ್ಲ. ತುಂಡುಗಳು ಕೂಡುವ ಕೀಲಿನ ಸುತ್ತ ಇನ್ನಷ್ಟು ದಾರ ಸುತ್ತಬೇಕು, ಹತ್ತಿಯ ದಾರ, ಸ್ವಲ್ಪ ಮೇಣ ಅಂದರು. ಫ್ರೀಮ್ಯಾಂಟಲಿನ ಅಂಗಡಿಯಲ್ಲಾದರೆ ಡ್ರಾಯರಿನ ತುಂಬ ಇತ್ತು. ನನ್ನ ಹೆಂಡತಿ ದೇವರ ಮಂಟಪದ ಹತ್ತಿರ ಹೂ ಕಟ್ಟುತ್ತಿದ್ದ ಆಂಟಿಯೊಬ್ಬರ ಬಳಿ ಓಡಿದಳು.

"ಆಂಟಿ, ಸ್ವಲ್ಪ ದಾರ ಬೇಕಿತ್ತು. ಕೊಳಲಿಗೆ."

"ಕೊಳಲಿಗೆ ದಾರ ಯಾಕಮ್ಮಾ? ಇರ್ಲಿ, ಉಂಡೆನೇ ತಗೊಂಡ್ಹೋಗು," ಎಂದು ಅವರು ಹೂವಿನ ದಾರದ ಉಂಡೆಯನ್ನೇ ಕೊಟ್ಟರು. ಯಾರೋ ಹುಟ್ಟುಹಬ್ಬದ ಮೇಣದಬತ್ತಿ ಹುಡುಕಿ ತಂದರು. ಟೀಚರ್ ಕನ್ನಡಕ ಏರಿಸಿಕೊಂಡು ದಾರಕ್ಕೆ ಮೇಣ ತಿಕ್ಕಿ, ಕೀಲಿನ ಮೇಲೆ ಸಾಲಾಗಿ ಸುತ್ತಿದರು. ಸುತ್ತಲೂ ಆಂಟಿಯರ ಗುಂಪು ಸೇರಿತು. ಹೂವಿನ ಆಂಟಿ ಕೂತು ನೋಡಿ, ಕೈ ಚೆನ್ನಾಗಿದೆ, ಇವರಿಗೆ ಮಲ್ಲಿಗೆ ಕೊಟ್ಟರೆ ಮೊಳಗಟ್ಟಲೆ ಕಟ್ಟುತ್ತಾರೆ ಎಂದು ಮೆಚ್ಚಿದರು. ಕೊಳಲು ಬಿಗಿಯಾಗಿ ನಿಂತಿತು.

ಮಾವ ಗೆಜ್ಜೆ ಕಟ್ಟಿ ವೇದಿಕೆಗೆ ಬಂದರು. ಒಂದು ಮನೆ ಶ್ರುತಿಯಲ್ಲಿ ತಂಬೂರಿ ಶುರುವಾಯಿತು. ಅವರು ಕಣ್ಣು ಮುಚ್ಚಿ ಷಡ್ಜ ಹಿಡಿದರು. ಆ ತಗ್ಗಿನ ಜಾಗದಲ್ಲಿ ಧ್ವನಿ ದಪ್ಪವಾಗಿ, ಒರಟು ಸ್ವಲ್ಪ ಇದ್ದರೂ ಗಟ್ಟಿಯಾಗಿ ನಿಂತಿತು. ಮೇಲಿನ ಷಡ್ಜಕ್ಕೂ ಹೋಗಿ ಬಂದರು.

ಜನರಿಗೆ ಮೊದಮೊದಲು ಇದೇನೆಂದು ತಿಳಿಯಲಿಲ್ಲ. ರಾಮನವಮಿಗೆ ಜರ್ಮನಿಯ ಕಮ್ಮಾರನ ಮಗ ಯಾಕೆ ಬಂದ ಎಂದು ಮುಂದಿನ ಸಾಲಿನ ಒಬ್ಬ ಅಂಕಲ್ ಪಕ್ಕದವರನ್ನು ಕೇಳಿದ್ದು ನನಗೂ ಕೇಳಿಸಿತು. ಮಾವ ಅದನ್ನು ಕೇಳಿಸಿಕೊಂಡು ಕಥೆಯೊಳಗೇ ಉತ್ತರ ಕೊಟ್ಟರು: "ಎಲ್ಲಿಂದ ಬಂದ ಅಂತ ಕೇಳ್ತೀರಿ. ನಾವೆಲ್ಲಾ ಎಲ್ಲಿಂದ ಬಂದ್ವಿ ಸ್ವಾಮಿ ಈ ಅಡಿಲೇಡಿಗೆ? ವಿದ್ಯೆ ಇದ್ದೋನು ಊರು ಬಿಟ್ಟು ಬಂದ. ನಾವೂ ಬಂದ್ವಿ." ಅಂಕಲ್ ಸೇರಿ ಎಲ್ಲರೂ ನಕ್ಕರು. ಆಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ಗೋವಿಂದ ಅನ್ನುತ್ತಿದ್ದರು.

ಎರಡನೆಯ ಕೀಲಿಯ ಪ್ರಸಂಗ ಬಂದಾಗ ಮಾವ ಕಥೆ ನಿಲ್ಲಿಸಿ ವಿವರಿಸಿದರು. ಕೊಳಲಿನಲ್ಲಿ ಅಕ್ಕಪಕ್ಕದ ಎರಡು ಸ್ವರಗಳನ್ನು ಎಲ್ಲರೂ ಒಂದೇ ಕೀಲಿಯಲ್ಲಿ ನುಡಿಸಿ ಕೈತೊಳೆದುಕೊಳ್ಳುತ್ತಿದ್ದರು. ವಿದ್ವಾಂಸರಿಗೆ ಅದು ಒಪ್ಪಿಗೆಯಾಗಲಿಲ್ಲ; ಒಂದು ಕೂದಲೆಳೆ ಮೇಲೆ, ಇನ್ನೊಂದು ಕೂದಲೆಳೆ ಕೆಳಗೆ ಎಂದು ಎರಡಕ್ಕೂ ಬೇರೆ ಬೇರೆ ಕೀಲಿ ಇಟ್ಟರು. "ನಮ್ಮಲ್ಲಿ ಷಟ್‌ಶ್ರುತಿ ರಿಷಭ, ಸಾಧಾರಣ ಗಾಂಧಾರ ಇಲ್ವೇ? ಕೂರೋ ಮನೆ ಒಂದೇ, ಆದ್ರೆ ಬರೋ ನೆಂಟ್ರು ಬೇರೆ," ಎಂದು ಮಾವ ಹೇಳಿ ನನ್ನ ಕಡೆ ನೋಡಿದರು. ನಾನು ಎರಡು ಸ್ವರಗಳನ್ನೂ ಒಂದಾದ ಮೇಲೊಂದು ಉದ್ದಕ್ಕೆ ಊದಿದೆ. ಮಕ್ಕಳಿಗೆ ಸಂಗೀತ ಕಲಿಸುವ ಇಬ್ಬರು ಆಂಟಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಇನ್ನೊಂದು ಸಲ ಎಂದು ಒಬ್ಬರು ಬೆರಳಿನಲ್ಲೇ ಸನ್ನೆ ಮಾಡಿದರು. ಇನ್ನೊಂದು ಸಲ ಊದಿದೆ.

ಸೌದೆ ಗೂಡಿನ ಪ್ರಸಂಗಕ್ಕೆ ಮಾವ ಕೆಂಪು ಶಾಲು ಹೊದ್ದುಕೊಂಡರು. ಕೋಟು ಕೆಂಪೇ ಆಗಿರಬೇಕೆಂದು ಟೀಚರ್ ಕಟ್ಟಪ್ಪಣೆ ಮಾಡಿದ್ದರು. ವೇದಿಕೆಯ ಮೂಲೆಯಲ್ಲಿ ಮಡಿಸಿ ನಿಲ್ಲಿಸಿದ್ದ ಟೇಬಲ್ ಟೆನಿಸ್ ಮೇಜೇ ಸೌದೆ ಗೂಡು. ಮಹಾರಾಜ ಬಂದ ಎಂದು ಮೃದಂಗದವರು ಗುಡುಗಿಸಿದರು, ಮಾವ ಓಡಿ ಮೇಜಿನ ಹಿಂದೆ ಕುಕ್ಕರಿಸಿದರು. ಅದರ ಕಾಲಿಗೆ ಚಕ್ರಗಳಿವೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಮಾವನ ಬೆನ್ನು ತಾಗಿದ್ದೇ ಮೇಜು ತನ್ನ ಪಾಡಿಗೆ ತಾನು ವೇದಿಕೆಯ ಇನ್ನೊಂದು ಕಡೆಗೆ ಹೊರಟುಹೋಯಿತು. ಮಾವ ಕೆಂಪು ಶಾಲಿನಲ್ಲಿ ಬಟಾಬಯಲಿನಲ್ಲಿ ಕೂತಿದ್ದರು.

ಮಾವ ಕೂತಲ್ಲಿಂದಲೇ ಜನರ ಕಡೆ ತಿರುಗಿ, "ಈ ದೇಶದಲ್ಲಿ ಸೌದೆ ಗೂಡಿಗೂ ಚಕ್ರ ಇಟ್ಟಿದಾರೆ," ಅಂದರು. ಭವನವೆಲ್ಲ ನಗುವಿನಲ್ಲಿ ಮುಳುಗಿತು. ಟೀಚರ್ ನೆಲ ನೋಡಿಕೊಂಡು ನಗುತ್ತಿದ್ದರು. ಅವರ ಭುಜ ಕುಲುಕುವುದು ನನಗೆ ಕಾಣುತ್ತಿತ್ತು. ನಾನು ಕೊಳಲಿಗೆ ಉಸಿರು ಹಿಡಿಯಲಾರದೆ ಒಂದು ಆವರ್ತ ಬಿಟ್ಟೆ.

ಕಥೆಯ ಕೊನೆ ಹಾಗಿರಲಿಲ್ಲ. ಮೇಷ್ಟ್ರು ಮುದುಕರಾದರು, ಆಸ್ಥಾನದಲ್ಲಿ ಸಂಜೆ ಸಂಜೆ ಅದೇ ರಾಜ, ಅದೇ ಕೊಳಲು. ರಾಜನಿಗೆಂದೇ ಬರೆಯುತ್ತಿದ್ದ ಕೊನೆಯ ಕೃತಿ ಅರ್ಧಕ್ಕೆ ನಿಂತಿತು, ಮೇಷ್ಟ್ರು ಹೋದರು. ಉಳಿದ ಭಾಗವನ್ನು ರಾಜನೇ ಕೂತು ಬರೆದು ಮುಗಿಸಿದ. "ಗುರುವಿನ ಸಾಲ ತೀರಿಸೋದು ಹೀಗೆ," ಎಂದಷ್ಟೇ ಹೇಳಿ ಮಾವ ಚಿಟಿಕೆ ಕೆಳಗಿಟ್ಟರು. ನಾನು ಆ ವಿದ್ವಾಂಸರ ಒಂದು ನಿಧಾನಗತಿಯ ರಚನೆಯನ್ನು ನುಡಿಸಿದೆ, ಅವರ ಕಾಲದಲ್ಲಿ ಇದ್ದ ಹಾಗೆ, ಬೆರಳಿನ ಅಂಚು ಅಲುಗಿಸಿ. ಮಾವ ಮಂಗಳ ಹಾಡಿ ಮುಗಿಸಿದರು. ಟೀಚರ್ ಕೋಸಂಬರಿಯ ದೊನ್ನೆ ಹಿಡಿದುಕೊಂಡು ಮಾವನ ಹತ್ತಿರ ಬಂದು, ಕನ್ನಡ ಒಂದಕ್ಷರ ಬಾರದಿದ್ದರೂ ಯಾವ ಕ್ಷಣದಲ್ಲಿ ಅವನು ಎಲ್ಲಿದ್ದನೆಂದು ತಮಗೆ ಗೊತ್ತಾಗುತ್ತಿತ್ತು ಎಂದರು. ಮಾವ ಕೈಮುಗಿದರು.

ಯಾರೋ ಫೋನಿನಲ್ಲಿ ಚಿತ್ರೀಕರಿಸಿದ್ದನ್ನು ಹೆಂಡತಿ ಮಗಳಿಗೆ ಕಳಿಸಿದಳು. ನಗುವ ಗೊಂಬೆಯೊಂದು ಉತ್ತರವಾಗಿ ಬರುತ್ತದೆ ಎಂದುಕೊಂಡಿದ್ದೆವು. ಫೋನೇ ಬಂತು.

"ಅಪ್ಪಾ, ದ ವ್ಹೀಲ್ಸ್," ಎಂದು ಅವಳು ನಗುತ್ತಲೇ ಶುರು ಮಾಡಿದಳು. ಬ್ರಿಸ್ಬೇನಿನ ಸೇಂಟ್ ಲೂಸಿಯಾ ಬಡಾವಣೆಯ ಅವಳ ವಿಶ್ವವಿದ್ಯಾಲಯದಲ್ಲಿ ಕನ್ನಡದ ವಿದ್ಯಾರ್ಥಿಗಳ ಗುಂಪೊಂದಿದೆ. ಬೆಂಗಳೂರು, ಮಂಗಳೂರು, ಕಲಬುರಗಿ, ದಾವಣಗೆರೆ, ಎಲ್ಲ ಕಡೆಯವರು, ಎಲ್ಲ ಜಾತಿ ಮತದವರು. ಹಗಲು ತರಗತಿ, ಉಳಿದ ಹೊತ್ತು ಸರ್ವೊ ಎಂದು ಇಲ್ಲಿ ಕರೆಯುವ ಪೆಟ್ರೋಲ್ ಬಂಕಿನಲ್ಲೋ ಸೂಪರ್ ಮಾರ್ಕೆಟ್ಟಿನಲ್ಲೋ ಕೆಲಸ. ಅವರಿಗೆ ಇದು ಬೇಕಂತೆ. "ಕ್ಯಾನ್ ತಾತ ಫ್ಲೈ?" ಎಂದು ಕೇಳಿದಳು. ಅವಳ ತಾತನನ್ನು, ಅಂದರೆ ಮಾವನನ್ನು, ಕೇಳಿದರೆ ಅವರು ಆಗಲೇ ಶಾಲು ಇಸ್ತ್ರಿ ಮಾಡಿಸುತ್ತಿದ್ದರು.

ಬ್ರಿಸ್ಬೇನಿನಲ್ಲಿ ಬಿಸಿಲಿದ್ದರೂ ಗಾಳಿಯಲ್ಲಿ ತೇವ. ಕೊಳಲು ತಂಟೆ ಮಾಡಲಿಲ್ಲ. ನದಿಯ ದಂಡೆಯ ಹುಲ್ಲಿನ ಮೇಲೆ, ಮರದ ನೆರಳಲ್ಲಿ, ಭಾನುವಾರ ಮಧ್ಯಾಹ್ನ ಕಾರ್ಯಕ್ರಮ. ಮಹಾರಾಜನ ಪಾತ್ರಕ್ಕೆ ಈ ಸಲ ಒಬ್ಬರು ಇರಲಿ ಎಂದು ಮಾವ ನನ್ನ ಮಗಳನ್ನೇ ನಿಲ್ಲಿಸಿದ್ದರು. ಅವಳು ಸೈನಿಕನ ಹಾಗೆ ಎದೆ ಸೆಟೆಸಿ ಬಂದು, ಮೇಷ್ಟ್ರು ಅಡಗಿದ್ದ ಸೌದೆ ಗೂಡಿನ, ಅಂದರೆ ಕಸದ ತೊಟ್ಟಿಯ, ಮುಂದೆ ನಿಂತು, ಅಪ್ಪಟ ಆಸ್ಟ್ರೇಲಿಯಾದ ಉಚ್ಚಾರದಲ್ಲಿ, "ಹೂ'ಸ್ ಮೇಕಿಂಗ್ ದಿಸ್ ರ‍್ಯಾಕೆಟ್ ಆಲ್ ಆರ್ವೋ?" ಎಂದು, ಮಧ್ಯಾಹ್ನವಿಡೀ ಯಾರದಿದು ಗಲಾಟೆ ಎಂಬರ್ಥದಲ್ಲಿ, ಗದರಿದಳು. ಮಾವ ತೊಟ್ಟಿಯ ಹಿಂದಿನಿಂದ, "ಮಹಾರಾಜರಿಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರನ್ನ ಮೊದಲು ಹಿಡೀರಿ," ಅಂದರು. ಹುಡುಗರು ಹುಲ್ಲಿನ ಮೇಲೆ ಉರುಳಾಡಿ ನಕ್ಕರು.

ಮುಗಿದ ಮೇಲೆ ಕಲಬುರಗಿಯಿಂದ ಸಂಶೋಧನೆಗೆ ಬಂದಿದ್ದ ಒಬ್ಬಳು ಮಾವನ ಹತ್ತಿರ ಬಂದು ಕೂತಳು. "ಅಂಕಲ್, ಆ ಅಪ್ಪಗ ಮಗನ ಕೊಳಲು ಒಂದು ಸಲಾನೂ ಚಲೋ ಅನ್ಸಲಿಲ್ಲೇನ್ರಿ?"

ಮಾವ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ. "ಗೊತ್ತಿಲ್ಲಮ್ಮ. ಗೊತ್ತಿಲ್ಲದ್ದನ್ನ ಹೇಳಬಾರದು ಅಂತ ನಮ್ಮ ಟೀಚರಮ್ಮ ಆಣೆ ಹಾಕಿಸಿಕೊಂಡಿದಾರೆ," ಎಂದರು ಮಾವ.

ಯಾರೋ ಇನ್ನೊಂದು ಹಾಡು ಹೇಳಿ ಅಂದರು. ನಾನು ಕೊಳಲನ್ನು ಆಗಲೇ ಒರೆಸಿ ಪೆಟ್ಟಿಗೆಗೆ ಹಾಕಿದ್ದೆ, ತೆಗೆಯಲು ಹೋದೆ. ಮಾವ ಬೇಡವೆಂದು ಕೈ ಮಾಡಿ, ಮೊಮ್ಮಗಳ ಕೈಯಲ್ಲಿದ್ದ ಫೋನಿನ ಕಡೆ ತೋರಿಸಿ, "ತಂಬೂರಿ ಹಾಕು ಪುಟ್ಟಿ. ಒಂದು ಮನೆ," ಅಂದರು. ಹುಲ್ಲಿನ ಮೇಲೇ ಚಕ್ಕಂಬಕ್ಕಳ ಹಾಕಿ ಕೂತು, ಮಕ್ಕಳು ಕೇಳಿದ್ದನ್ನೆಲ್ಲ ಹಾಡಿದರು. ನನ್ನ ಹೆಂಡತಿ ನನ್ನ ಮೊಣಕೈ ತಿವಿದಳು. ನಾನು ನೋಡಿದೆ ಎಂದು ತಲೆಯಾಡಿಸಿದೆ. ತಗ್ಗಿದ ಶ್ರುತಿಗೆ ಈಗ ಕೊಳಲಿನ ನೆಪವೂ ಬೇಕಾಗಿಲ್ಲ ಎಂಬ ವಿಷಯವನ್ನು ಇಬ್ಬರೂ ಅವರ ಮುಂದೆ ಎತ್ತಲಿಲ್ಲ.

ಊಟಕ್ಕೆ ಊರೊಳಗೆ ಹೋಗೋಣವೆಂದು ದೋಣಿ ಹತ್ತಿದೆವು. ಕೂತುಕೊಳ್ಳಿ ಎಂದರೂ ಮಾವ ಕೇಳಲಿಲ್ಲ. ಗಾಳಿಗೆ ಮುಖ ಕೊಟ್ಟು ಮುಂದುಗಡೆ ಕಂಬಿ ಹಿಡಿದು ನಿಂತರು. ಮಗಳು ಅವರ ಪಕ್ಕದಲ್ಲಿ ನಿಂತು, ದಂಡೆಯ ಮೇಲಿನ ಕಟ್ಟಡಗಳನ್ನು ತೋರಿಸಿ ಒಂದೊಂದರ ವಿಷಯ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅವರು ಕನ್ನಡದಲ್ಲಿ ಪ್ರಶ್ನೆ ಕೇಳುತ್ತಿದ್ದರು. ದಡದಲ್ಲಿ ಉಳಿದಿದ್ದ ಹುಡುಗರು ಚಾಪೆ ಕೊಡವಿ ಮಡಿಸುತ್ತಾ, ನಡುವೆ ಒಮ್ಮೆ ತಲೆಯೆತ್ತಿ ನಮ್ಮ ಕಡೆ ಕೈ ಬೀಸಿದರು. ದೋಣಿ ನದಿಯ ತಿರುವಿಗೆ ಹೊರಳಿತು.